ಗುಳಿಗೆ ಮತ್ತು ಕಥನ: ಅಮೆರಿಕದ ಪೋಷಕ ಪಾಲನೆಯ ಮಕ್ಕಳು ಹಾಗೂ ಮನೋವೈದ್ಯಕೀಯ ಔಷಧಿಗಳು

ಹೆತ್ತವರ ಆಸರೆ ತಪ್ಪಿದ ಮಗುವನ್ನು ಯಾರು ಸಾಕಬೇಕು ಎಂಬ ಪ್ರಶ್ನೆಗೆ ಪ್ರತಿಯೊಂದು ಸಮಾಜವೂ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ. ತಬ್ಬಲಿ, ಪರದೇಶಿ, ಸಾಕುಮಗ, ಸಾಕುತಾಯಿ, ಹೆತ್ತತಾಯಿ ಮುಂತಾದ ಕನ್ನಡ ಪದಗಳ ಹಿಂದೆ ಇಂತಹ ಉತ್ತರಗಳ ಒಂದು ದೀರ್ಘ ಚರಿತ್ರೆಯೇ ಇದೆ. ಗೋವಿನ ಹಾಡಿನಲ್ಲಿ ಹುಲಿಯ ಬಾಯಿಗೆ ಹೊರಟ ಹಸು ತನ್ನ ಕರುವನ್ನು ದೊಡ್ಡಿಯ ಇತರ ಹಸುಗಳಿಗೆ ಒಪ್ಪಿಸುವ ಸನ್ನಿವೇಶ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಅಲ್ಲಿ ಕರು ತಾಯಿಯನ್ನು ಕಳೆದುಕೊಳ್ಳುವ ಅಂಚಿನಲ್ಲಿದ್ದರೂ ತನ್ನನ್ನು ಬಲ್ಲವರನ್ನು ಕಳೆದುಕೊಳ್ಳುವುದಿಲ್ಲ. ಅದು ಯಾರ ಕರು, ಯಾಕೆ ಅಂಬಾ ಎನ್ನುತ್ತಿದೆ ಎಂಬುದು ಆ ದೊಡ್ಡಿಗೆಲ್ಲ ಗೊತ್ತು. ಬಂಧುಬಳಗದೊಳಗೆ ನಡೆಯುವ ಪಾಲನೆಯಲ್ಲಿ ಮಗುವಿನ ಜೊತೆಗೆ ಮಗುವಿನ ಕಥೆಯೂ ಕೈಯಿಂದ ಕೈಗೆ ದಾಟುತ್ತದೆ.

ಪಾಲನೆಯ ಹೊಣೆ ಬಂಧುಬಳಗದಿಂದ ಪ್ರಭುತ್ವಕ್ಕೆ ವರ್ಗವಾದಾಗ ಈ ಕಥೆ ಏನಾಗುತ್ತದೆ? ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕ ಸಂಯುಕ್ತ ಸಂಸ್ಥಾನದ ಪೋಷಕ ಪಾಲನಾ ವ್ಯವಸ್ಥೆ ಒಂದು ಮಹತ್ವದ ನಿದರ್ಶನ. ಅಲ್ಲಿ ‘ಫಾಸ್ಟರ್ ಕೇರ್’ ಎಂದು ಕರೆಯಲಾಗುವ ಈ ವ್ಯವಸ್ಥೆಯಲ್ಲಿರುವ ಮಕ್ಕಳಿಗೆ ಇತರ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಮನೋವೈದ್ಯಕೀಯ ಔಷಧಿಗಳನ್ನು ನೀಡಲಾಗುತ್ತಿದೆ ಎಂಬುದು ಎರಡು ದಶಕಗಳಿಂದ ಸಾರ್ವಜನಿಕ ಚರ್ಚೆಯ ವಿಷಯವಾಗಿದೆ. ವೈದ್ಯಶಾಸ್ತ್ರ, ಕಾನೂನು ಮತ್ತು ಸಮಾಜಕಾರ್ಯಗಳ ನೆಲೆಯಲ್ಲಿ ಇದರ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ಜಾನಪದ ಅಧ್ಯಯನದ ನೆಲೆಯಿಂದ ನೋಡಿದಾಗ ಇದು ಮುಖ್ಯವಾಗಿ ಕಥನದ ಅಭಾವಕ್ಕೆ ಸಂಬಂಧಿಸಿದ ಸಮಸ್ಯೆಯಾಗಿಯೂ ಕಾಣುತ್ತದೆ. ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಅದರ ಔಷಧಿಯ ಚೀಟಿ ಜೊತೆಗೆ ಹೋಗುತ್ತದೆ. ಅದರ ಕಥೆ ಹಿಂದೆ ಉಳಿಯುತ್ತದೆ. ಪ್ರಸ್ತುತ ಲೇಖನ ಈ ಸಂಗತಿಯನ್ನು ವಿವರಿಸುತ್ತದೆ.

1. ಪೋಷಕ ಪಾಲನೆಯ ಹಿನ್ನೆಲೆ

ಅಮೆರಿಕದ ಪೋಷಕ ಪಾಲನೆಯ ಮೂಲವನ್ನು ಸಾಮಾನ್ಯವಾಗಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಅವರ ಕಾರ್ಯದಲ್ಲಿ ಗುರುತಿಸಲಾಗುತ್ತದೆ. ಅವರು 1853ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಸ್ಥಾಪಿಸಿದರು. ನಗರದ ಬೀದಿಗಳಲ್ಲಿದ್ದ ಬಡ ಮಕ್ಕಳನ್ನು ರೈಲಿನಲ್ಲಿ ಪಶ್ಚಿಮದ ಹಳ್ಳಿಗಳಿಗೆ ಕಳುಹಿಸಿ, ಅಲ್ಲಿನ ರೈತ ಕುಟುಂಬಗಳಲ್ಲಿ ಇರಿಸುವ ಕೆಲಸ 1854ರಲ್ಲಿ ಆರಂಭವಾಗಿ 1929ರವರೆಗೆ ನಡೆಯಿತು. ‘ಅನಾಥರ ರೈಲು’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಯೋಜನೆಯಲ್ಲಿ ಸಾಗಿಸಲ್ಪಟ್ಟ ಮಕ್ಕಳ ಸಂಖ್ಯೆ ಸುಮಾರು 2 ಲಕ್ಷ ಎಂದು ಅಂದಾಜಿಸಲಾಗಿದೆ. ಇವರಲ್ಲಿ ಅನೇಕರು ಅನಾಥರಾಗಿರಲಿಲ್ಲ. ಅವರ ತಾಯಿ ಅಥವಾ ತಂದೆ ಜೀವಂತವಾಗಿದ್ದರು. ಊರಿನ ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳನ್ನು ನೋಡಿ ಜನ ತಮಗೆ ಬೇಕಾದವರನ್ನು ಆರಿಸಿಕೊಂಡು ಹೋಗುತ್ತಿದ್ದರು. ಹಲವು ಮಕ್ಕಳ ಹೆಸರು ಬದಲಾಯಿತು, ಒಡಹುಟ್ಟಿದವರು ಅಗಲಿದರು. ಹೊಸ ಬದುಕು ಬೇಕಾದರೆ ಹಳೆಯ ಕಥೆಯನ್ನು ಮರೆಯಬೇಕು ಎಂಬ ನಂಬಿಕೆ ಈ ಯೋಜನೆಯಲ್ಲಿ ಅಂತರ್ಗತವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಹೊಣೆಯನ್ನು ಕ್ರಮೇಣ ರಾಜ್ಯ ಸರ್ಕಾರಗಳು ವಹಿಸಿಕೊಂಡವು. ಇಂದಿನ ವ್ಯವಸ್ಥೆಯಲ್ಲಿ ನಿರ್ಲಕ್ಷ್ಯ, ಹಿಂಸೆ, ಪಾಲಕರ ಮಾದಕ ವ್ಯಸನ ಮೊದಲಾದ ಕಾರಣಗಳಿಂದ ಮಗುವನ್ನು ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಮನೆಯಿಂದ ಹೊರತೆಗೆಯಲಾಗುತ್ತದೆ. ಅನಂತರ ಅದನ್ನು ಬಂಧುಗಳ ಮನೆಯಲ್ಲಿ, ಪರವಾನಗಿ ಪಡೆದ ಪೋಷಕ ಕುಟುಂಬದಲ್ಲಿ, ಗುಂಪು ವಸತಿಯಲ್ಲಿ ಅಥವಾ ಚಿಕಿತ್ಸಾ ವಸತಿ ಕೇಂದ್ರದಲ್ಲಿ ಇರಿಸಲಾಗುತ್ತದೆ. 2023ರ ಸೆಪ್ಟೆಂಬರ್ ಅಂತ್ಯದ ಸರ್ಕಾರಿ ಲೆಕ್ಕದಂತೆ ಸುಮಾರು 3.43 ಲಕ್ಷ ಮಕ್ಕಳು ಈ ವ್ಯವಸ್ಥೆಯಲ್ಲಿದ್ದರು. ಮಗುವನ್ನು ಸ್ವಂತ ಮನೆಗೆ ಮರಳಿಸುವುದು ಇದರ ಮೊದಲ ಗುರಿ. ಆದರೆ ಅನೇಕ ಮಕ್ಕಳು ಒಂದೆಡೆ ನಿಲ್ಲದೆ ಮನೆಯಿಂದ ಮನೆಗೆ ಅಲೆಯುತ್ತಾರೆ. ಮನೆ ಬದಲಾದಾಗ ಶಾಲೆ ಬದಲಾಗುತ್ತದೆ, ವೈದ್ಯರು ಬದಲಾಗುತ್ತಾರೆ, ಎಷ್ಟೋ ಸಲ ಸಮಾಜ ಕಾರ್ಯಕರ್ತರೂ ಬದಲಾಗುತ್ತಾರೆ.

2. ಔಷಧಿಗಳು ಮತ್ತು ಅವುಗಳ ಪ್ರವೇಶ

ಮಕ್ಕಳ ವರ್ತನೆಯನ್ನು ಔಷಧಿಯ ಮೂಲಕ ಬದಲಾಯಿಸಬಹುದು ಎಂಬ ಅರಿವು ಮೂಡಿದ್ದು ಮನೆಯಿಂದ ದೂರವಿದ್ದ ಮಕ್ಕಳ ನಡುವೆಯೇ ಎಂಬುದು ಗಮನಾರ್ಹ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಸಮೀಪದ ಬ್ರಾಡ್ಲಿ ಹೋಮ್ ಎಂಬ ವಸತಿ ಚಿಕಿತ್ಸಾಲಯದಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ನೀಡಿ, ಅದರ ಪರಿಣಾಮಗಳನ್ನು 1937ರಲ್ಲಿ ಪ್ರಕಟಿಸಿದರು. ಉತ್ತೇಜಕವು ಚಂಚಲ ಮಕ್ಕಳನ್ನು ಶಾಂತಗೊಳಿಸಿ, ಪಾಠದಲ್ಲಿ ತೊಡಗುವಂತೆ ಮಾಡಿದ್ದು ಅವರಿಗೂ ಆಶ್ಚರ್ಯವನ್ನುಂಟುಮಾಡಿತ್ತು. ಈ ಮಾದರಿಯ ಚಿಕಿತ್ಸೆ ವ್ಯಾಪಕವಾದದ್ದು ಕೆಲವು ದಶಕಗಳ ಅನಂತರ.

ಇಂದು ಬಳಕೆಯಲ್ಲಿರುವ ಔಷಧಿಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ಗಮನದ ಕೊರತೆ ಹಾಗೂ ಅತಿಚಟುವಟಿಕೆಗೆ ನೀಡುವ ಮೀಥೈಲ್‌ಫೆನಿಡೇಟ್ ಮೊದಲಾದ ಉತ್ತೇಜಕಗಳು ಒಂದು ವರ್ಗ. ಖಿನ್ನತೆ ಮತ್ತು ಆತಂಕಗಳಿಗೆ ನೀಡುವ ಖಿನ್ನತೆ ನಿವಾರಕಗಳು ಎರಡನೆಯವು. ಮನಃಸ್ಥಿತಿಯ ಏರಿಳಿತವನ್ನು ತಡೆಯುವ ಔಷಧಿಗಳು ಮೂರನೆಯವು. ರಿಸ್ಪೆರಿಡೋನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್ ಮೊದಲಾದ ಆ್ಯಂಟಿಸೈಕಾಟಿಕ್ ಔಷಧಿಗಳು ನಾಲ್ಕನೆಯವು. ಹೆಚ್ಚಿನ ಚರ್ಚೆಗೆ ಕಾರಣವಾಗಿರುವುದು ಈ ಕೊನೆಯ ವರ್ಗ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮಕ್ಕಳಲ್ಲಿ ಇವುಗಳ ಬಳಕೆಗೆ ಅನುಮತಿ ನೀಡಿರುವುದು ಕೆಲವೇ ಸ್ಥಿತಿಗಳಿಗೆ. ಉದಾಹರಣೆಗೆ, ಆಟಿಸಂ ಇರುವ ಮಕ್ಕಳ ಕೆರಳುವಿಕೆಗೆ ರಿಸ್ಪೆರಿಡೋನ್ ನೀಡಲು 2006ರಲ್ಲಿ ಅನುಮತಿ ದೊರೆಯಿತು. ಆದರೆ ಅನುಮತಿ ಇರುವ ಉದ್ದೇಶವನ್ನು ಮೀರಿ, ತಮ್ಮ ವಿವೇಚನೆಯಂತೆ ಔಷಧಿ ಬರೆಯಲು ವೈದ್ಯರಿಗೆ ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಹೀಗಾಗಿ ಸಿಟ್ಟು, ಹಟ, ನಿದ್ರಾಹೀನತೆಗಳಿಗೂ ಇವು ಬಳಕೆಯಾಗತೊಡಗಿದವು. ತೂಕ ಏರುವುದು, ರಕ್ತದ ಸಕ್ಕರೆ ಮತ್ತು ಕೊಬ್ಬಿನ ಅಂಶಗಳಲ್ಲಿ ವ್ಯತ್ಯಾಸ, ಮಂಪರು, ಅನೈಚ್ಛಿಕ ಅಂಗಚಲನೆ ಇವು ಈ ಔಷಧಿಗಳ ಗೊತ್ತಿರುವ ಅಡ್ಡಪರಿಣಾಮಗಳು. ಖಿನ್ನತೆ ನಿವಾರಕಗಳ ಬಗ್ಗೆಯೂ ಮಕ್ಕಳಲ್ಲಿ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಪೊಟ್ಟಣದ ವಿವರಪತ್ರದಲ್ಲಿ ಮುದ್ರಿಸಬೇಕೆಂದು ಇದೇ ಆಡಳಿತ 2004ರಲ್ಲಿ ಆದೇಶಿಸಿತು.

3. ಅಧ್ಯಯನಗಳು ತೋರಿಸಿದ ಸ್ಥಿತಿ

ಟೆಕ್ಸಾಸ್ ರಾಜ್ಯದ ಪೋಷಕ ಪಾಲನೆಯ ಮಕ್ಕಳ ಕುರಿತು ಜೂಲಿ ಜಿಟೊ ಮತ್ತು ಸಂಗಡಿಗರು 2008ರಲ್ಲಿ ‘ಪೀಡಿಯಾಟ್ರಿಕ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಪ್ರಮುಖವಾದುದು. 2004ರಲ್ಲಿ ಈ ಮಕ್ಕಳ ಪೈಕಿ ಶೇ. 37.9ರಷ್ಟು ಮಂದಿಗೆ ಮನೋವೈದ್ಯಕೀಯ ಔಷಧಿ ದೊರೆತಿತ್ತು. ಔಷಧಿ ಪಡೆಯುತ್ತಿದ್ದವರ ಮಾದರಿ ಗುಂಪೊಂದನ್ನು ಪರಿಶೀಲಿಸಿದಾಗ ಶೇ. 41.3ರಷ್ಟು ಮಕ್ಕಳು ಒಂದೇ ತಿಂಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ವರ್ಗಗಳ ಔಷಧಿಗಳನ್ನು ಪಡೆದಿದ್ದರು.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯು 2011ರ ಡಿಸೆಂಬರ್‌ನಲ್ಲಿ ಮಂಡಿಸಿದ ವರದಿ ಈ ವಿಷಯಕ್ಕೆ ರಾಷ್ಟ್ರೀಯ ಗಮನವನ್ನು ತಂದಿತು. ಫ್ಲಾರಿಡಾ, ಮ್ಯಾಸಚೂಸೆಟ್ಸ್, ಮಿಷಿಗನ್, ಆರೆಗಾನ್ ಮತ್ತು ಟೆಕ್ಸಾಸ್ ರಾಜ್ಯಗಳ 2008ರ ಮಾಹಿತಿಯನ್ನು ಆಧರಿಸಿದ ಈ ವರದಿ, ಬಡವರ ವೈದ್ಯಕೀಯ ನೆರವಿನ ಯೋಜನೆಯಾದ ಮೆಡಿಕೈಡ್‌ನಲ್ಲಿರುವ ಎರಡು ಗುಂಪಿನ ಮಕ್ಕಳನ್ನು ಹೋಲಿಸಿತು. ಪೋಷಕ ಪಾಲನೆಯಲ್ಲಿದ್ದವರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಶೇ. 21ರಿಂದ 39ರಷ್ಟು ಮಕ್ಕಳು ಔಷಧಿ ಪಡೆಯುತ್ತಿದ್ದರೆ, ಉಳಿದ ಬಡ ಮಕ್ಕಳಲ್ಲಿ ಈ ಪ್ರಮಾಣ ಶೇ. 5ರಿಂದ 10ರಷ್ಟಿತ್ತು. ಅಂದರೆ ವ್ಯತ್ಯಾಸ 2.7ರಿಂದ 4.5 ಪಟ್ಟು. ಏಕಕಾಲಕ್ಕೆ ಐದು ಅಥವಾ ಹೆಚ್ಚು ಔಷಧಿ ಪಡೆಯುತ್ತಿದ್ದ ನೂರಾರು ಮಕ್ಕಳು ಕಂಡುಬಂದರು. ಅಂತಹ ಬಳಕೆಯನ್ನು ಸಮರ್ಥಿಸುವ ವೈಜ್ಞಾನಿಕ ಆಧಾರವಿಲ್ಲ ಎಂದು ವರದಿಗೆ ನೆರವಾದ ತಜ್ಞರು ತಿಳಿಸಿದರು.

ಇದೇ ಕಚೇರಿಯ 2012ರ ಮತ್ತೊಂದು ವರದಿಯಲ್ಲಿ ಉಲ್ಲೇಖಿತವಾದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳು ಇನ್ನೂ ಅರ್ಥಪೂರ್ಣವಾಗಿವೆ. ಗುಂಪು ವಸತಿ ಮತ್ತು ಚಿಕಿತ್ಸಾ ವಸತಿಗಳಲ್ಲಿದ್ದ ಮಕ್ಕಳಲ್ಲಿ ಶೇ. 48ರಷ್ಟು ಮಂದಿ ಔಷಧಿ ಪಡೆಯುತ್ತಿದ್ದರೆ, ಪೋಷಕ ಕುಟುಂಬ ಅಥವಾ ಬಂಧುಗಳ ಮನೆಯಲ್ಲಿದ್ದವರಲ್ಲಿ ಅದು ಶೇ. 14. ಹೆಚ್ಚು ತೊಂದರೆಯಲ್ಲಿರುವ ಮಕ್ಕಳನ್ನೇ ವಸತಿ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ ಎಂಬುದು ಇದಕ್ಕೆ ಒಂದು ಕಾರಣ. ಸರದಿಯ ಮೇಲೆ ಬರುವ ಸಿಬ್ಬಂದಿಯ ನಡುವೆ ಮಗುವನ್ನು ನಿರಂತರವಾಗಿ ಬಲ್ಲವರು ಇರುವುದಿಲ್ಲ ಎಂಬುದನ್ನೂ ಇದರೊಂದಿಗೆ ಪರಿಗಣಿಸಬೇಕಾಗುತ್ತದೆ.

4. ರೋಗಲಕ್ಷಣವೋ, ಬದುಕಿನ ಪಾಠವೋ?

ಈ ಮಕ್ಕಳ ಸಂಕಟ ಕಲ್ಪಿತವಾದುದಲ್ಲ. ಕೇಸಿ ಫ್ಯಾಮಿಲಿ ಪ್ರೋಗ್ರಾಮ್ಸ್ ಸಂಸ್ಥೆಯು ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳಲ್ಲಿ ಪೋಷಕ ಪಾಲನೆಯಿಂದ ಹೊರಬಂದ ವಯಸ್ಕರ ಕುರಿತು ಪ್ರಕಟಿಸಿದ 2005ರ ಅಧ್ಯಯನದಲ್ಲಿ, ನಾಲ್ವರಲ್ಲಿ ಒಬ್ಬರು ಆಘಾತೋತ್ತರ ಮಾನಸಿಕ ಒತ್ತಡದಿಂದ ಬಳಲುತ್ತಿದ್ದುದು ಕಂಡುಬಂತು. ಇದು ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಲ್ಲಿನ ಪ್ರಮಾಣಕ್ಕೆ ಸರಿಸುಮಾರು ಇಮ್ಮಡಿ. ಆದುದರಿಂದ ಹೆಚ್ಚು ಔಷಧಿ ಎಂಬುದಕ್ಕೆ ಹೆಚ್ಚು ನೋವು ಎಂಬ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ನೋವನ್ನು ಓದುವ ಕ್ರಮ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ.

ಒಂದು ಸಾಮಾನ್ಯ ಉದಾಹರಣೆಯನ್ನು ಗಮನಿಸಬಹುದು. ಪೋಷಕ ಪಾಲನೆಗೆ ಬಂದ ಮಕ್ಕಳು ದಿಂಬಿನ ಕೆಳಗೆ ರೊಟ್ಟಿಯ ಚೂರುಗಳನ್ನು ಬಚ್ಚಿಡುವುದು, ರಾತ್ರಿ ನಿದ್ದೆ ಮಾಡದಿರುವುದು, ಬಾಗಿಲಿನ ಸದ್ದಿಗೆ ಬೆಚ್ಚುವುದು, ತರಗತಿಯಲ್ಲಿ ಒಂದೆಡೆ ಕೂರದಿರುವುದು ಅಲ್ಲಿನ ಪೋಷಕರಿಗೂ ಶಿಕ್ಷಕರಿಗೂ ಚಿರಪರಿಚಿತ. ಹಸಿವೆಯಲ್ಲಿ ಬೆಳೆದ ಮಗುವಿಗೆ ರೊಟ್ಟಿ ಬಚ್ಚಿಡುವುದು ವಿವೇಕ. ರಾತ್ರಿ ಹೊತ್ತು ಹೊಡೆತ ತಿಂದ ಮಗುವಿಗೆ ಎಚ್ಚರವಾಗಿರುವುದು ರಕ್ಷಣೆ. ಹಿಂದಿನ ಮನೆಯಲ್ಲಿ ಬದುಕಿ ಉಳಿಯಲು ಕಲಿತ ಪಾಠಗಳನ್ನೇ ಮಗು ಹೊಸ ಮನೆಯಲ್ಲೂ ಪಾಲಿಸುತ್ತಿರುತ್ತದೆ. ಆ ಹಿನ್ನೆಲೆ ಗೊತ್ತಿದ್ದವರಿಗೆ ಇದು ಅರ್ಥವಾಗುವ ನಡವಳಿಕೆ. ಗೊತ್ತಿಲ್ಲದವರಿಗೆ ಇದು ಅತಿಚಟುವಟಿಕೆ, ಹಟಮಾರಿತನ ಅಥವಾ ಮನಃಸ್ಥಿತಿಯ ವಿಕಾರ. ಆಘಾತದ ಲಕ್ಷಣಗಳೂ ಗಮನದ ಕೊರತೆಯ ಲಕ್ಷಣಗಳೂ ಹೊರನೋಟಕ್ಕೆ ಹೋಲುವುದರಿಂದ, ಇವೆರಡನ್ನು ಬೇರ್ಪಡಿಸಲು ಇರುವ ಮುಖ್ಯ ಸಾಧನ ಮಗುವಿನ ಪೂರ್ವಚರಿತ್ರೆಯೇ ಆಗಿದೆ.

ಸಾಮಾನ್ಯವಾಗಿ ವೈದ್ಯರ ಮುಂದೆ ಈ ಚರಿತ್ರೆಯನ್ನು ಹೇಳುವವಳು ತಾಯಿ, ಅಜ್ಜಿ ಅಥವಾ ಮನೆಯ ಹಿರಿಯರು. ಮಗು ಯಾವಾಗಿನಿಂದ ಹೀಗಿದೆ, ಮೊದಲು ಹೇಗಿತ್ತು, ಹಿಂದೆ ಯಾವ ಮದ್ದು ಒಗ್ಗಲಿಲ್ಲ ಎಂಬ ಮಾತುಗಳು ಅವರ ಬಾಯಲ್ಲಿರುತ್ತವೆ. ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ‘ದಿ ಇಲ್‌ನೆಸ್ ನ್ಯಾರೇಟಿವ್ಸ್’ ಎಂಬ 1988ರ ಕೃತಿಯಲ್ಲಿ, ವೈದ್ಯರು ಗುರುತಿಸುವ ರೋಗಕ್ಕೂ ರೋಗಿ ಮತ್ತು ಅವನ ಮನೆಯವರು ಅನುಭವಿಸುವ ಬೇನೆಗೂ ನಡುವಿನ ವ್ಯತ್ಯಾಸವನ್ನು ವಿವರಿಸಿ, ಎರಡನೆಯದು ಕಥನದ ರೂಪದಲ್ಲಿ ಮಾತ್ರ ದೊರೆಯುತ್ತದೆ ಎಂಬುದರ ಕಡೆಗೆ ಗಮನ ಸೆಳೆದರು. ಪೋಷಕ ಪಾಲನೆಯ ಮಗುವಿನ ವಿಷಯದಲ್ಲಿ ಈ ಕಥನವನ್ನು ಹೇಳುವ ವ್ಯಕ್ತಿಯೇ ಇಲ್ಲ. ಅದನ್ನು ಕರೆತಂದ ಪೋಷಕಿಗೆ ಮಗುವಿನ ಪರಿಚಯ ಕೆಲವು ವಾರಗಳದ್ದಾಗಿರಬಹುದು. ಕಥನದ ಸ್ಥಾನವನ್ನು ಕಡತ ತುಂಬುತ್ತದೆ. ಮನೆ ಬದಲಾದ ದಿನಾಂಕ, ರೋಗದ ಹೆಸರು, ಗುಳಿಗೆಯ ಪ್ರಮಾಣ ಕಡತದಲ್ಲಿರುತ್ತವೆ. ಅದೂ ಎಷ್ಟೋ ವೇಳೆ ಅಪೂರ್ಣವಾಗಿ. ಹೀಗೆ ಹಿಂದಿನ ವೈದ್ಯರು ಬರೆದ ಔಷಧಿಯನ್ನು ಯಾಕೆ ಬರೆದರೆಂದು ತಿಳಿಯದ ಹೊಸ ವೈದ್ಯರು, ಅದನ್ನು ನಿಲ್ಲಿಸುವ ಧೈರ್ಯವಿಲ್ಲದೆ ಇನ್ನೊಂದನ್ನು ಸೇರಿಸುತ್ತಾರೆ. ಒಂದರ ಅಡ್ಡಪರಿಣಾಮಕ್ಕೆ ಮತ್ತೊಂದು ಔಷಧಿ ಬರುತ್ತದೆ.

ಇದಕ್ಕೆ ಪೂರಕವಾದ ವ್ಯಾವಹಾರಿಕ ಕಾರಣಗಳೂ ಇವೆ. ಮಕ್ಕಳ ಮನೋವೈದ್ಯರ ಕೊರತೆ ಆ ದೇಶದ ಬಹುಭಾಗದಲ್ಲಿದೆ. ಆಪ್ತಸಮಾಲೋಚನೆಗೆ ತಿಂಗಳುಗಟ್ಟಲೆ ಸಮಯ ಮತ್ತು ಒಬ್ಬರೇ ಚಿಕಿತ್ಸಕರ ನಿರಂತರ ಸಂಪರ್ಕ ಬೇಕು. ಮನೆ ಬದಲಾದಾಗ ಅದು ತುಂಡಾಗುತ್ತದೆ. ಗುಳಿಗೆ ಕೂಡಲೇ ದೊರೆಯುತ್ತದೆ, ಅದರ ವೆಚ್ಚವನ್ನು ಮೆಡಿಕೈಡ್ ಭರಿಸುತ್ತದೆ. ಮಗು ಶಾಂತವಾಗದಿದ್ದರೆ ಪೋಷಕ ಕುಟುಂಬ ಅದನ್ನು ಹಿಂದಿರುಗಿಸಬಹುದು ಎಂಬ ಭಯವೂ ಔಷಧಿಯ ಕಡೆಗೇ ಒಲಿಯುವಂತೆ ಮಾಡುತ್ತದೆ.

5. ಒಪ್ಪಿಗೆ ಯಾರದು?

ಮಗುವಿಗೆ ಔಷಧಿ ಕೊಡಲು ಹೆತ್ತವರ ಒಪ್ಪಿಗೆ ಬೇಕು ಎಂಬುದು ಸಾಮಾನ್ಯ ನಿಯಮ. ಪ್ರಭುತ್ವವೇ ಪಾಲಕನಾದಾಗ ಈ ಒಪ್ಪಿಗೆ ಕೊಡುವವರು ಯಾರು ಎಂಬುದಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಉತ್ತರವಿದೆ. ಕ್ಯಾಲಿಫೋರ್ನಿಯಾ 1999ರ ಕಾಯಿದೆಯ ಮೂಲಕ ಈ ಅಧಿಕಾರವನ್ನು ಬಾಲ ನ್ಯಾಯಾಲಯದ ನ್ಯಾಯಾಧೀಶರಿಗೆ ವಹಿಸಿತು. ಫ್ಲಾರಿಡಾ 2005ರಲ್ಲಿ ಹೆತ್ತವರ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವನ್ನು ಕಡ್ಡಾಯಗೊಳಿಸಿತು. ಆದರೂ 2009ರಲ್ಲಿ ಆ ರಾಜ್ಯದ ಪೋಷಕ ಮನೆಯೊಂದರಲ್ಲಿ, ಹಲವು ಮನೋವೈದ್ಯಕೀಯ ಔಷಧಿಗಳನ್ನು ಪಡೆಯುತ್ತಿದ್ದ ಏಳು ವರ್ಷದ ಬಾಲಕನೊಬ್ಬ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಅನಂತರ ರಾಜ್ಯವು ನಡೆಸಿದ ಪರಿಶೀಲನೆಯಲ್ಲಿ, ಒಪ್ಪಿಗೆಯ ದಾಖಲೆಯೇ ಇಲ್ಲದೆ ಔಷಧಿ ಪಡೆಯುತ್ತಿದ್ದ ನೂರಾರು ಮಕ್ಕಳು ಇರುವುದು ಬೆಳಕಿಗೆ ಬಂತು. ಕಾಯಿದೆ ಇತ್ತು, ಅದನ್ನು ಕೇಳುವವರು ಇರಲಿಲ್ಲ.

ಟೆಕ್ಸಾಸ್‌ನಲ್ಲಿ 2004ರ ‘ಫರ್ಗಾಟನ್ ಚಿಲ್ಡ್ರನ್’ ಎಂಬ ಸರ್ಕಾರಿ ವರದಿಯ ಬೆನ್ನಲ್ಲೇ, 2005ರಲ್ಲಿ ಔಷಧಿ ಬಳಕೆಯ ಮಾರ್ಗಸೂಚಿಗಳು ಪ್ರಕಟವಾದವು. ಯಾವ ಸಂದರ್ಭಗಳಲ್ಲಿ ಮಗುವಿನ ಚಿಕಿತ್ಸೆಯನ್ನು ಮರುಪರಿಶೀಲಿಸಬೇಕು ಎಂಬುದನ್ನು ಅವು ಗೊತ್ತುಪಡಿಸಿದವು. ಮುಂದಿನ ವರ್ಷಗಳಲ್ಲಿ ಅಲ್ಲಿ ಬಳಕೆ ತಗ್ಗಿತು. ಒಕ್ಕೂಟ ಮಟ್ಟದಲ್ಲಿ 2008ರ ಕಾಯಿದೆ ಪ್ರತಿ ರಾಜ್ಯವೂ ಪೋಷಕ ಪಾಲನೆಯ ಮಕ್ಕಳ ಆರೋಗ್ಯಕ್ಕೆ ಯೋಜನೆ ರೂಪಿಸಬೇಕೆಂದಿತು. 2011ರ ಕಾಯಿದೆ ಮನೋವೈದ್ಯಕೀಯ ಔಷಧಿಗಳ ಮೇಲ್ವಿಚಾರಣೆಯನ್ನು ಅದರಲ್ಲಿ ಸ್ಪಷ್ಟವಾಗಿ ಸೇರಿಸಿತು. ಮಿಸೌರಿ ರಾಜ್ಯದ ವಿರುದ್ಧ 2017ರಲ್ಲಿ ಮಕ್ಕಳ ಪರವಾಗಿ ಹೂಡಲಾದ ಸಾಮೂಹಿಕ ದಾವೆ 2019ರಲ್ಲಿ ರಾಜಿಯಲ್ಲಿ ಮುಕ್ತಾಯವಾಯಿತು. ವೈದ್ಯಕೀಯ ದಾಖಲೆಗಳ ನಿರ್ವಹಣೆ, ತಿಳಿದು ನೀಡುವ ಒಪ್ಪಿಗೆ ಮತ್ತು ಎರಡನೆಯ ವೈದ್ಯರ ಪರಿಶೀಲನೆ ಅದರ ಮುಖ್ಯ ಅಂಶಗಳು. ಇಷ್ಟಾದರೂ ಆರೋಗ್ಯ ಇಲಾಖೆಯ ಮಹಾ ತನಿಖಾಧಿಕಾರಿಗಳ ಕಚೇರಿ 2018ರಲ್ಲಿ ಐದು ರಾಜ್ಯಗಳನ್ನು ಪರಿಶೀಲಿಸಿದಾಗ, ಔಷಧಿ ಪಡೆಯುತ್ತಿದ್ದ ಮೂವರು ಮಕ್ಕಳಲ್ಲಿ ಒಬ್ಬರಿಗೆ ನಿಯಮದಂತೆ ಇರಬೇಕಾದ ಚಿಕಿತ್ಸಾ ಯೋಜನೆ ಅಥವಾ ಔಷಧಿಯ ಮೇಲ್ವಿಚಾರಣೆ ಇರಲಿಲ್ಲ.

6. ಮಗುವಿನ ಮಾತು

ಈ ಸುಧಾರಣೆಗಳ ನಡುವೆ ಜಾನಪದ ಅಧ್ಯಯನಕ್ಕೆ ವಿಶೇಷವಾಗಿ ಪ್ರಸ್ತುತವಾಗುವ ಎರಡು ಸಂಗತಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ‘ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್’ ಪತ್ರಿಕೆ 2014ರಲ್ಲಿ ಪ್ರಕಟಿಸಿದ ಲೇಖನಮಾಲೆಯ ಪರಿಣಾಮವಾಗಿ 2015ರಲ್ಲಿ ಹೊಸ ಕಾಯಿದೆಗಳು ಬಂದವು. ಇವುಗಳ ಮುಂದುವರಿಕೆಯಾಗಿ 2016ರಲ್ಲಿ ನ್ಯಾಯಾಲಯದ ನಮೂನೆಗಳಲ್ಲಿ ಒಂದು ಹೊಸ ಹಾಳೆ ಸೇರಿತು. ಔಷಧಿಯ ಬಗ್ಗೆ ಮಗುವಿನ ಅಭಿಪ್ರಾಯವೇನು ಎಂಬುದನ್ನು ಮಗುವೇ ಬರೆದು ನ್ಯಾಯಾಧೀಶರಿಗೆ ಸಲ್ಲಿಸಲು ಇರುವ ನಮೂನೆ ಅದು. ಅದಕ್ಕೆ ಮೊದಲು 2011ರ ವರದಿ ಮಂಡನೆಯಾದ ದಿನ ಸೆನೆಟ್ ಉಪಸಮಿತಿಯ ಮುಂದೆ ಹನ್ನೆರಡು ವರ್ಷದ ಬಾಲಕನೊಬ್ಬ ಸಾಕ್ಷ್ಯ ನುಡಿದಿದ್ದ. ತನಗೆ ನೀಡಲಾದ ಔಷಧಿಗಳು ತನ್ನನ್ನು ಬಳಲಿಸಿದವು, ಮಾತಿನ ಮೂಲಕ ನಡೆದ ಚಿಕಿತ್ಸೆಯೇ ತನಗೆ ನೆರವಾಯಿತು ಎಂಬುದು ಅವನ ಹೇಳಿಕೆಯ ಸಾರ. ಅಂಕಿಗಳ ನಡುವೆ ಕಥನವೊಂದು ಅಷ್ಟು ದೊಡ್ಡ ಸಭೆಯಲ್ಲಿ ಕೇಳಿಬಂದಿತು.

ಎರಡನೆಯದು ‘ಲೈಫ್ ಬುಕ್’ ಎಂಬ ಹೆಸರಿನ ಬಾಳಪುಸ್ತಕ. ಮಗುವಿನ ಹುಟ್ಟೂರು, ಹೆತ್ತವರ ಚಿತ್ರ, ಅದು ಬಾಳಿದ ಮನೆಗಳು, ಓದಿದ ಶಾಲೆಗಳು, ಒಡಹುಟ್ಟಿದವರ ಹೆಸರು, ಮೊದಲ ಹಲ್ಲು ಬಿದ್ದ ದಿನ ಇವನ್ನೆಲ್ಲ ಮಗುವಿನ ಜೊತೆಯಲ್ಲೇ ಕುಳಿತು ದಾಖಲಿಸುವ ಪುಸ್ತಕವಿದು. ಕುಟುಂಬದ ಮೌಖಿಕ ಪರಂಪರೆ ಸಹಜವಾಗಿ ಮಾಡುವ ಕೆಲಸವನ್ನು ಇಲ್ಲಿ ಸಮಾಜ ಕಾರ್ಯಕರ್ತರೂ ಪೋಷಕರೂ ಪ್ರಯತ್ನಪೂರ್ವಕವಾಗಿ ಮಾಡುತ್ತಾರೆ. ಕಡತ ಕಚೇರಿಯ ಸೊತ್ತು. ಬಾಳಪುಸ್ತಕ ಮಗುವಿನ ಸೊತ್ತು, ಅದು ಮಗುವಿನೊಂದಿಗೆ ಮನೆಯಿಂದ ಮನೆಗೆ ಹೋಗುತ್ತದೆ. ಇದನ್ನು ಔಷಧಿಗೆ ಪರ್ಯಾಯವೆಂದು ತಿಳಿಯಬೇಕಾಗಿಲ್ಲ. ಔಷಧಿ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲು ಬೇಕಾದ ತಿಳಿವಳಿಕೆ ಇಂತಹ ಕಥನದಲ್ಲಿದೆ ಎಂಬುದು ಇದರ ಮಹತ್ವ.

7. ಸಮಾರೋಪ

ಈ ವಿವೇಚನೆಯಿಂದ ಔಷಧಿಗಳೇ ಅನಿಷ್ಟ ಎಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ತೀವ್ರ ಖಿನ್ನತೆ, ಆತಂಕ ಅಥವಾ ನಿಜವಾದ ಗಮನದ ಕೊರತೆ ಇರುವ ಮಗುವಿಗೆ ಸೂಕ್ತ ಔಷಧಿ ದೊರೆಯದಿರುವುದೂ ಅನ್ಯಾಯವೇ. ನಡೆಯುತ್ತಿರುವ ಔಷಧಿಯನ್ನು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಒಂದೇ ಬಗೆಯ ಗುಳಿಗೆ ಬಲ್ಲವರ ಕೈಯಲ್ಲಿ ಮದ್ದಾಗುತ್ತದೆ, ಬಲ್ಲವರಿಲ್ಲದ ಕಡೆ ಮೌನವಾಗಿಸುವ ಸಾಧನವಾಗುತ್ತದೆ.

ಭಾರತದಲ್ಲಿ 2015ರ ಬಾಲನ್ಯಾಯ ಕಾಯಿದೆಯ 44ನೆಯ ಪ್ರಕರಣ ಪೋಷಕ ಪಾಲನೆಗೆ ಅವಕಾಶ ಕಲ್ಪಿಸಿದೆ. ಅದರ ಮಾದರಿ ಮಾರ್ಗಸೂಚಿಗಳು 2016ರಲ್ಲಿ ಪ್ರಕಟವಾಗಿ 2024ರಲ್ಲಿ ಪರಿಷ್ಕೃತಗೊಂಡವು. ಸಂಸ್ಥೆಗಳಿಂದ ಕುಟುಂಬಗಳ ಕಡೆಗೆ ಮಕ್ಕಳನ್ನು ತರುವ ಈ ಪ್ರಯತ್ನ ಕರ್ನಾಟಕವೂ ಸೇರಿದಂತೆ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ಇಲ್ಲಿ ಅಮೆರಿಕದ ಸ್ಥಿತಿ ಉಂಟಾಗಿದೆ ಎಂದು ಹೇಳಲು ಆಧಾರವಿಲ್ಲ. ಆದರೆ ಅಪರಿಚಿತರ ಮನೆಗೆ ಮಗುವನ್ನು ಒಪ್ಪಿಸುವ ವ್ಯವಸ್ಥೆ ಎಲ್ಲೇ ಬೆಳೆದರೂ, ಮಗುವಿನ ಕಥೆಯನ್ನು ಯಾರಿಗೆ ಒಪ್ಪಿಸಲಾಗುತ್ತಿದೆ ಎಂಬ ಪ್ರಶ್ನೆ ಅದರ ಜೊತೆಗೇ ಹುಟ್ಟುತ್ತದೆ. ಮಕ್ಕಳ ಪಾಲನೆಯ ಕುರಿತು ಜನಪದ ಸಮುದಾಯಗಳಲ್ಲಿರುವ ಕಥನಗಳನ್ನು, ರೂಢಿಗಳನ್ನು, ಪದಸಂಪತ್ತನ್ನು ಸಂಗ್ರಹಿಸಿ ಅಭ್ಯಾಸ ಮಾಡುವವರು ಈ ಪ್ರಶ್ನೆಗೆ ಉತ್ತರ ಹುಡುಕುವಲ್ಲಿ ವೈದ್ಯರಿಗೂ ಸಮಾಜ ಕಾರ್ಯಕರ್ತರಿಗೂ ನೆರವಾಗಬಲ್ಲರು. ದೊಡ್ಡಿಯ ಹಸುಗಳಿಗೆ ಕರುವಿನ ಗುರುತು ಇದ್ದಂತೆ, ಪ್ರತಿಯೊಂದು ಮಗುವನ್ನೂ ಬಲ್ಲ ಒಬ್ಬರಾದರೂ ಅದರ ಬಳಿ ಉಳಿಯುವಂತೆ ನೋಡಿಕೊಳ್ಳುವುದು ಯಾವುದೇ ಪಾಲನಾ ವ್ಯವಸ್ಥೆಯ ಮೊದಲ ಕರ್ತವ್ಯವೆನ್ನಬಹುದು.